ಹಳೆಯ ಕಾರುಗಳ ಮುಂಭಾಗದ ಸಸ್ಪೆನ್ಷನ್ ಮತ್ತು ಸ್ಟಿಯರಿಂಗ್ ಪುನರ್ಜೋಡಣೆ

ಕಾರಿನ ಮುಂದಿನ ಚಕ್ರಗಳಿಗೆ ಹಿಂದಿನವಕ್ಕಿಲ್ಲದ ಒಂದು ಜವಾಬ್ದಾರಿ ಹೆಚ್ಚು. ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಅವು ಮೇಲೆ ಕೆಳಗೆ ಆಡಬೇಕು, ಜೊತೆಗೆ ಚಾಲಕ ತಿರುಗಿಸಿದ ಕಡೆಗೆ ತಿರುಗಲೂ ಬೇಕು. ಮೊದಲ ಕೆಲಸ ಸಸ್ಪೆನ್ಷನ್ನಿನದು, ಎರಡನೆಯದು ಸ್ಟಿಯರಿಂಗಿನದು. ಎರಡೂ ಕೂಡುವ ಜಾಗದಲ್ಲಿ ಹಳೆಯ ಕಾರುಗಳಿಗೆ ಕಿಂಗ್ ಪಿನ್ ಇರುತ್ತದೆ, ಈಚಿನವಕ್ಕೆ ಬಾಲ್ ಜಾಯಿಂಟ್. ದಶಕಗಳ ಓಟದಲ್ಲಿ ಸವೆದ ಈ ಭಾಗಗಳನ್ನು ಬಿಚ್ಚಿ, ತೊಳೆದು, ಅಳೆದು, ಕೆಟ್ಟದ್ದನ್ನು ಬದಲಿಸಿ ಮತ್ತೆ ಕೂಡಿಸುವುದಕ್ಕೆ ಬೆಂಗಳೂರಿನ ಗ್ಯಾರೇಜುಗಳಲ್ಲಿ ‘ಸಸ್ಪೆನ್ಷನ್ ಕೆಲಸ’ ಎಂಬ ಒಂದೇ ಹೆಸರು.

ಜಯನಗರದ ಬಡಾವಣೆ ರೂಪುಗೊಳ್ಳತೊಡಗಿದ್ದು 1948ರಲ್ಲಿ. ಅಲ್ಲಿನ ಹಾಗೂ ಬನಶಂಕರಿಯ ಹಳೆಯ ಸ್ವಂತ ಮನೆಗಳಲ್ಲಿ ಪೋರ್ಟಿಕೋ ಅಥವಾ ಪಕ್ಕದ ಶೆಡ್ ಇರುವುದರಿಂದ, ಟಾರ್ಪಾಲಿನ ಕೆಳಗೆ ಉಳಿದುಕೊಂಡ ಅಂಬಾಸಡರ್, ಫಿಯಟ್‌ಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಕೆಲವಕ್ಕೆ ಕೆಎ ಸರಣಿಗೂ ಹಿಂದಿನ ನಂಬರ್ ಪ್ಲೇಟುಗಳಿವೆ. ಜಯನಗರ ಆರ್‌ಟಿಒಗೆ ಸೇರಿದ ಕೆಎ 05 ಬಂದದ್ದು ಆಮೇಲೆ. ನಿಂತ ಕಾರು ಸವೆಯುವುದಿಲ್ಲ ಎಂಬ ನಂಬಿಕೆ ತಪ್ಪು. ಓಡದ ಕಾರಿನಲ್ಲಿ ರಬ್ಬರ್ ಬಿರಿಯುತ್ತದೆ, ಗ್ರೀಸ್ ಗಟ್ಟಿಯಾಗಿ ಅರಗಿನಂತಾಗುತ್ತದೆ, ಹರಿದ ರಬ್ಬರ್ ಬೂಟಿನೊಳಗೆ ಮಳೆನೀರು ಇಳಿದು ಪಿನ್ನುಗಳು ತುಕ್ಕು ಹಿಡಿಯುತ್ತವೆ. ಓಡುವ ಕಾರನ್ನು ಬಿಟಿಎಂ ಬಡಾವಣೆಯ ಗುಂಡಿಗಳೂ ಜೆ.ಪಿ. ನಗರದ ಒಳರಸ್ತೆಗಳ ಹಂಪುಗಳೂ ಬೇರೆ ರೀತಿಯಲ್ಲಿ ವಿಚಾರಿಸಿಕೊಳ್ಳುತ್ತವೆ.

ಕಾರುಗಳು ಮತ್ತು ಅವುಗಳ ರಚನೆ

ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 2014ರವರೆಗೆ ತಯಾರಿಸಿದ ಅಂಬಾಸಡರಿನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ 3ನೇ ಸರಣಿ. ಇದರ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಕಾರಿನ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳು, ಅಂದರೆ ಟಾರ್ಷನ್ ಬಾರ್, ತಿರುಚಿಕೊಂಡು ಭಾರ ಹೊರುತ್ತದೆ. ಸ್ಟಿಯರಿಂಗ್ ರ‍್ಯಾಕ್ ಮತ್ತು ಪಿನಿಯನ್ ಮಾದರಿಯದು. ಸರ್ಕಾರಿ ಕಾರು ಎಂದು ಹಗುರವಾಗಿ ಕಂಡವರಿಗೆ ಇದು ಹೊಳೆಯುವುದಿಲ್ಲ, ಆದರೆ ಆ ಕಾಲಕ್ಕೆ ಇದು ಮುಂದುವರಿದ ಏರ್ಪಾಡು.

ಮುಂಬೈನ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ಫಿಯಟ್ 1100, ಅಂದರೆ 1974ರಿಂದ ಪದ್ಮಿನಿ ಎನಿಸಿಕೊಂಡ ಕಾರು, ಬೇರೆ ದಾರಿ ಹಿಡಿಯಿತು. ಮೇಲೊಂದು ಕೆಳಗೊಂದು ವಿಷ್‌ಬೋನ್ ತೋಳು, ನಡುವೆ ಸುರುಳಿ ಸ್ಪ್ರಿಂಗ್, ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್. ಸ್ಟಿಯರಿಂಗಿಗೆ ವರ್ಮ್ ಮತ್ತು ರೋಲರ್ ಇರುವ ಬಾಕ್ಸ್, ಎದುರು ಬದಿಯಲ್ಲಿ ಐಡ್ಲರ್ ಆರ್ಮ್, ಮಧ್ಯೆ ಟೈ ರಾಡುಗಳು. ಕೀಲುಗಳು ಹೆಚ್ಚಾದಷ್ಟೂ ಸವೆಯುವ ಜಾಗಗಳೂ ಹೆಚ್ಚು. ಗೇರ್ ಲಿವರ್ ಸ್ಟಿಯರಿಂಗ್ ಕಂಬದ ಮೇಲೆಯೇ ಇರುವ ಕಾರುಗಳಲ್ಲಿ ಬಾಕ್ಸ್ ಇಳಿಸಬೇಕಾದರೆ ಗೇರಿನ ಕೊಂಡಿಗಳನ್ನೂ ಬಿಡಿಸಬೇಕು.

ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1960ರ ದಶಕದ ಕಾರು. ಇದರ ಮುಂದಿನ ಚಕ್ರ ತಿರುಗುವುದು ಮೇಲೆ ಬಾಲ್ ಜಾಯಿಂಟಿನ ಮೇಲೆ, ಕೆಳಗೆ ಥ್ರೆಡ್ ಇರುವ ಕಂಚಿನ ಟ್ರನಿಯನ್ನಿನ ಮೇಲೆ. ಸುಮಾರು 7.6 ಮೀಟರ್ ವ್ಯಾಸದ ಕಿರಿದಾದ ಜಾಗದಲ್ಲಿ ಹೆರಾಲ್ಡ್ ತಿರುಗಿಬಿಡುತ್ತದೆ. ಆದರೆ ಆ ಟ್ರನಿಯನ್ನಿಗೆ ಬೇಕಾದ್ದು ಗೇರ್ ಆಯಿಲ್. ಎಲ್ಲ ನಿಪ್ಪಲ್ಲಿಗೂ ಗ್ರೀಸ್ ಹೊಡೆದೇ ರೂಢಿಯಾದ ಕೈ ಇದಕ್ಕೂ ಗ್ರೀಸ್ ತುಂಬಿದರೆ, ಅದು ಒಳಗೇ ಒಣಗಿ, ಥ್ರೆಡ್ಡಿಗೆ ತುಕ್ಕು ಬಂದು, ಒಂದು ದಿನ ನಿಂತಲ್ಲೇ ಚಕ್ರ ಮಡಚಿಕೊಂಡು ಮಡ್‌ಗಾರ್ಡಿನ ಕೆಳಗೆ ಕುಸಿಯಬಹುದು. ಈ ಕಾರಿನ ಇತಿಹಾಸದಲ್ಲಿ ಇದು ಪ್ರಸಿದ್ಧ ದೋಷ.

ದೋಷ ಪತ್ತೆ

ಸ್ಟಿಯರಿಂಗ್ ಚಕ್ರವನ್ನು ನಾಲ್ಕು ಬೆರಳು ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತಿದ್ದರೆ ಮೆಕ್ಯಾನಿಕ್ಕರು ‘ಪ್ಲೇ ಜಾಸ್ತಿ ಇದೆ’ ಎನ್ನುತ್ತಾರೆ. ಒಂದು ನಿರ್ದಿಷ್ಟ ವೇಗದಲ್ಲಿ ಮುಂಭಾಗ ನಡುಗಿದರೆ ‘ವಾಬಲ್’. ಮುಂದಿನ ಚಕ್ರವನ್ನು ಜಾಕಿಯ ಮೇಲೆ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಕಿಂಗ್ ಪಿನ್ ಅಥವಾ ವೀಲ್ ಬೇರಿಂಗ್ ಹೋಗಿದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಪಿನ್. ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಟೈ ರಾಡ್ ಎಂಡ್, ಐಡ್ಲರ್ ಅಥವಾ ಬಾಕ್ಸ್.

ಇಲ್ಲಿಯೇ ಹೆಚ್ಚಿನ ಮಾಲೀಕರು ಹಣ ಕಳೆಯುತ್ತಾರೆ. ಹಳೆಯ ಕಾರಿನಲ್ಲಿ ದೋಷ ಒಂದೇ ಕೀಲಿನಲ್ಲಿ ಇರುವುದು ಅಪರೂಪ. ಆರೇಳು ಕೀಲುಗಳಲ್ಲಿ ಕೂದಲೆಳೆಯಷ್ಟು ಸವೆತ ಕೂಡಿಕೊಂಡು ಸ್ಟಿಯರಿಂಗಿನಲ್ಲಿ ಅಂಗೈ ಅಗಲದ ಆಟವಾಗುತ್ತದೆ. ಹೆಚ್ಚು ಸದ್ದು ಮಾಡುವ ಒಂದನ್ನಷ್ಟೇ ಬದಲಿಸಿದರೆ ಮಾರನೆಯ ತಿಂಗಳು ಮತ್ತೊಂದು ಸದ್ದು ಶುರು. ಮುಂಭಾಗವನ್ನು ಒಮ್ಮೆಗೇ ಪೂರ್ತಿ ಬಿಚ್ಚುವುದೇ ಕೊನೆಗೆ ಅಗ್ಗ.

ಬಿಚ್ಚುವಾಗ

ಪದ್ಮಿನಿ, ಹೆರಾಲ್ಡ್‌ಗಳ ಸುರುಳಿ ಸ್ಪ್ರಿಂಗ್ ಅದುಮಿಟ್ಟ ಶಕ್ತಿ. ಕಂಪ್ರೆಸರ್ ಹಾಕದೆ ತೋಳಿನ ಬೋಲ್ಟ್ ತೆಗೆದರೆ ಸಿಡಿದು ಕೈಯನ್ನೋ ಮುಖವನ್ನೋ ಒಡೆಯುತ್ತದೆ. ಅಂಬಾಸಡರಿನ ಟಾರ್ಷನ್ ಬಾರಿನ ಬಿಗಿಯನ್ನು ಮೊದಲು ಇಳಿಸಬೇಕು, ತುದಿಯ ಹಲ್ಲುಗಳು ಕೂತಿದ್ದ ಸ್ಥಾನಕ್ಕೆ ಗುರುತು ಮಾಡಬೇಕು. ಎಡದ್ದನ್ನು ಬಲಕ್ಕೆ ಹಾಕುವಂತಿಲ್ಲ: ವರ್ಷಗಳಿಂದ ಒಂದೇ ದಿಕ್ಕಿಗೆ ತಿರುಚಿದ ಉಕ್ಕು ಎದುರು ದಿಕ್ಕಿನ ಭಾರ ತಾಳದು. ಸರಳಿನ ಮೈಮೇಲೆ ಉಳಿಯಿಂದ ಒಂದು ಗೀರು ಬಿದ್ದರೂ ಸಾಕು, ಮುಂದೆ ಅದು ಮುರಿಯುವುದು ಅಲ್ಲಿಂದಲೇ.

ಟೈ ರಾಡ್ ಎಂಡ್ ಕೂರುವ ತೂತು ಮೊನೆಗೆ ಕಿರಿದಾಗುವ ಟೇಪರ್. ಅದನ್ನು ಬಿಡಿಸಲು ಪಿನ್ನಿನ ತುದಿಗೆ ಸುತ್ತಿಗೆ ಹಾಕಿದರೆ ಥ್ರೆಡ್ ಹಾಳಾಗುತ್ತದೆ. ತೂತಿರುವ ತೋಳಿನ ಎರಡು ಪಕ್ಕಕ್ಕೂ ಒಮ್ಮೆಗೇ ಹೊಡೆದರೆ ಟೇಪರ್ ತಾನಾಗಿ ಬಿಡುತ್ತದೆ. ಹಳಬರಿಗೆ ಈ ಪೆಟ್ಟು ಕೈವಶ, ಉಳಿದವರಿಗೆ ಪುಲ್ಲರ್ ಇದೆ.

ಲೇತಿನ ಕೆಲಸ

ಕಿಂಗ್ ಪಿನ್ ಸೆಟ್ಟಿನಲ್ಲಿ ಪಿನ್, ಕಂಚಿನ ಬುಷ್, ಥ್ರಸ್ಟ್ ಬೇರಿಂಗ್, ಶಿಮ್ ಮತ್ತು ಲಾಕ್ ಪಿನ್ ಬರುತ್ತವೆ. ಬುಷ್ ಒತ್ತಿ ಕೂರಿಸಿದ ಕೂಡಲೇ ಪಿನ್ ಇಳಿಯಬಾರದು. ಬುಷ್ ಒಳಗೆ ಕುಗ್ಗಿರುತ್ತದೆ, ಅದನ್ನು ರೀಮರಿನಿಂದ ಅಳತೆಗೆ ತರಬೇಕು. ಮೇಲಿನ ಮತ್ತು ಕೆಳಗಿನ ಬುಷ್‌ಗಳಿಗೆ ಒಂದೇ ಸಾಲಿನಲ್ಲಿ ರೀಮರ್ ಹಾಯಬೇಕು. ಬೇರೆಬೇರೆಯಾಗಿ ಹಾಯಿಸಿದರೆ ಎರಡೂ ತೂತುಗಳು ಒಂದೇ ನೇರಕ್ಕೆ ಬರುವುದಿಲ್ಲ, ಸ್ಟಿಯರಿಂಗ್ ಬಿಗಿಯುತ್ತದೆ. ಆಗ ಕೆಲವರು ‘ಓಡ್ತಾ ಓಡ್ತಾ ಸರಿಹೋಗುತ್ತೆ’ ಎಂದು ಮಾಲೀಕರನ್ನು ಸಮಾಧಾನ ಮಾಡುತ್ತಾರೆ. ಸರಿಹೋಗುವುದಿಲ್ಲ, ಬುಷ್ ಒಂದೇ ಕಡೆಗೆ ತಿಂದುಹೋಗುತ್ತದೆ. ಬುಷ್ಷಿನ ಗ್ರೀಸ್ ತೂತು ನಿಪ್ಪಲ್ಲಿನ ತೂತಿಗೆ ನೇರವಾಗಿ ಕೂರದಿದ್ದರೆ ಎಷ್ಟು ಗ್ರೀಸ್ ಹೊಡೆದರೂ ಪಿನ್ನಿಗೆ ತಲುಪದು. ಟೌನ್‌ಹಾಲಿನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ ಮತ್ತು ಪಕ್ಕದ ಕಲಾಸಿಪಾಳ್ಯ ದಕ್ಷಿಣ ಬೆಂಗಳೂರಿನವರಿಗೆ ಬಿಡಿಭಾಗಗಳ ಪೇಟೆ. ಅಲ್ಲಿ ಸೆಟ್ಟೇನೋ ಸಿಗುತ್ತದೆ. ಅದನ್ನು ಕೂರಿಸುವ ಒಳ್ಳೆಯ ಟರ್ನರ್ ಸಿಗುವುದೇ ಈಗ ಕಷ್ಟ.

ಮರುಜೋಡಣೆ

ತೋಳುಗಳ ಬುಡದ ರಬ್ಬರ್ ಬುಷ್‌ಗೆ ಇಲ್ಲಿ ಸೈಲೆಂಟ್ ಬ್ಲಾಕ್ ಎನ್ನುತ್ತಾರೆ. ಇದು ಜಾರುವ ಬೇರಿಂಗ್ ಅಲ್ಲ. ಒಳಗಿನ ಕೊಳವೆ ಬೋಲ್ಟಿಗೆ ಕಚ್ಚಿಕೊಂಡಿರುತ್ತದೆ, ಹೊರಗಿನದು ತೋಳಿಗೆ, ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಆದ್ದರಿಂದ ಕೊನೆಯ ಬಿಗಿತವನ್ನು ಕಾರು ತನ್ನ ಚಕ್ರಗಳ ಮೇಲೆ, ತನ್ನ ಸಹಜ ಎತ್ತರದಲ್ಲಿ ನಿಂತಾಗಲೇ ಕೊಡಬೇಕು. ಜಾಕಿಯ ಮೇಲೆ ತೋಳು ಜೋತು ಬಿದ್ದಿರುವಾಗ ಬಿಗಿದರೆ, ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ‘ಲೋಕಲ್ ಮಾಲು, ಆರು ತಿಂಗಳಿಗೇ ಹೋಯ್ತು’ ಎಂಬ ದೂರುಗಳಲ್ಲಿ ಕೆಲವಕ್ಕೆ ಮಾಲು ಕಾರಣವಲ್ಲ, ಬಿಗಿದ ರೀತಿ ಕಾರಣ.

ವರ್ಮ್ ಬಾಕ್ಸಿನ ಹೊಂದಾಣಿಕೆ ಸ್ಕ್ರೂವನ್ನು ಚಕ್ರಗಳು ನೇರವಿರುವಾಗ ಮಾತ್ರ ತಿರುಗಿಸಬೇಕು. ವರ್ಮ್ ಸವೆಯುವುದು ಹೆಚ್ಚಾಗಿ ಮಧ್ಯದಲ್ಲಿ. ಅಲ್ಲಿನ ಆಟವನ್ನೆಲ್ಲ ಸ್ಕ್ರೂವಿನಿಂದಲೇ ತೆಗೆಯಲು ಹೊರಟರೆ ಪೂರ್ತಿ ತಿರುವಿನಲ್ಲಿ ಬಾಕ್ಸ್ ಕಚ್ಚಿಕೊಳ್ಳುತ್ತದೆ. ಅಷ್ಟು ಸವೆದಿದ್ದರೆ ವರ್ಮನ್ನೇ ಬದಲಿಸಬೇಕು. ಸೋರುವ ಬಾಕ್ಸಿಗೆ ಆಯಿಲ್ ಬದಲು ಗ್ರೀಸ್ ತುಂಬುವುದು ಸುಲಭದ ದಾರಿ, ಸರಿಯಾದ ದಾರಿ ಸೀಲ್ ಬದಲಿಸುವುದು. ಕ್ಯಾಸಲ್ ನಟ್ಟಿನ ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಆಗಬೇಕು.

ಮೂಲ ರೂಪದ ಪ್ರಶ್ನೆ

ಮುಂಭಾಗವನ್ನೇ ಕತ್ತರಿಸಿ ಹೊಸ ಕಾರಿನ ಸಸ್ಪೆನ್ಷನ್, ಪವರ್ ಸ್ಟಿಯರಿಂಗ್ ಕೂರಿಸುವವರಿದ್ದಾರೆ. ದಿನನಿತ್ಯದ ಓಡಾಟಕ್ಕೆ ಅದು ಹಿತವೇ ಇರಬಹುದು. ಆದರೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ, 50 ವರ್ಷ ಮೀರಿದ ಕಾರು ‘ವಿಎ’ ಅಕ್ಷರಗಳ ವಿಶೇಷ ನಂಬರ್ ಪಡೆಯಬೇಕಾದರೆ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ನೋಂದಣಿಯ ಶುಲ್ಕ 20,000 ರೂಪಾಯಿ, ಅಂಥ ಕಾರನ್ನು ನಿತ್ಯ ಬಳಕೆಗೆ ಓಡಿಸುವಂತಿಲ್ಲ. ಸವೆದ ಬುಷ್, ಪಿನ್ ಬದಲಿಸುವುದು ರಿಪೇರಿ. ಚಾಸಿ ಕತ್ತರಿಸುವುದು ಬೇರೆ ಮಾತು.

ಅಲೈನ್‌ಮೆಂಟ್

ಕೆಲಸ ಮುಗಿದ ಮೇಲೆ ಮುಂದಿನ ಚಕ್ರಗಳು ನಿಲ್ಲುವ ಕೋನಗಳಾದ ಟೋ, ಕ್ಯಾಂಬರ್, ಕ್ಯಾಸ್ಟರ್ ಮೂರನ್ನೂ ನೋಡಿಸಬೇಕು. ಈ ಕಾರುಗಳ ಕೈಪಿಡಿಯ ಅಂಕಿಗಳು ಹೆಚ್ಚಾಗಿ ಕ್ರಾಸ್‌ಪ್ಲೈ ಟೈರಿನ ಕಾಲದವು. ಈಗ ರೇಡಿಯಲ್ ಹಾಕಿದವರಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಟೋ ಇನ್ ಸಾಕಾಗುತ್ತದೆ. ಹೊಸ ಬುಷ್‌ಗಳು, ಸ್ಪ್ರಿಂಗ್‌ಗಳು ಕೂತುಕೊಳ್ಳಲು ಕೊಂಚ ಓಟ ಬೇಕು. ಮೊದಲ 500 ಕಿ.ಮೀ. ಆದ ಮೇಲೆ ಎಲ್ಲ ನಟ್ಟುಗಳ ಬಿಗಿತವನ್ನೂ ಅಲೈನ್‌ಮೆಂಟನ್ನೂ ಇನ್ನೊಮ್ಮೆ ನೋಡಿಸಬೇಕು.