ಬೆಂಗಳೂರಿಗೊಂದು ಐಡಿಯಾ ಇದೆಯಾ? ಯಾವ ಬಾಗಿಲು ತಟ್ಟಬೇಕು ಅನ್ನೋದು ಇಲ್ಲಿದೆ

ಬೆಂಗಳೂರಿನ ಯಾವ ಕಾಲೇಜಿನ ಕ್ಯಾಂಟೀನಿನಲ್ಲಿ ಕೂತರೂ ನಗರ ಸುಧಾರಣೆಯ ನಾಲ್ಕು ಐಡಿಯಾ ಕಿವಿಗೆ ಬೀಳುತ್ತವೆ. ನಡೆಯೋಕೆ ಜಾಗ ಬೇಕು, ಮೆಟ್ರೊ ಇಳಿದ ಕೂಡಲೇ ಬಸ್ ಸಿಗಬೇಕು, ಕೆರೆಗೆ ಕೊಳಚೆ ಹರಿಯಬಾರದು. ಎಲ್ಲವೂ ಸರಿಯೇ. ಆದರೆ ಇದನ್ನು ಯಾರ ಮುಂದೆ, ಯಾವಾಗ, ಯಾವ ರೂಪದಲ್ಲಿ ಇಡಬೇಕು? ನನ್ನ ಎಂಜಿನಿಯರಿಂಗ್ ಸಿಲಬಸ್‌ನಲ್ಲಂತೂ ಅದು ಇರಲಿಲ್ಲ.

ಯಾರ ಕೆಲಸ ಯಾವುದು?

ಸಂವಿಧಾನದ 74ನೇ ತಿದ್ದುಪಡಿ (1992) ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಮೊದಲನೆಯದೇ ನಗರ ಯೋಜನೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದೂ ಹೇಳಿದೆ. ಬೆಂಗಳೂರಿನಲ್ಲಿ ಆದದ್ದೇ ಬೇರೆ. ಮಾಸ್ಟರ್ ಪ್ಲಾನ್ ಬರೆಯುತ್ತಾ ಬಂದದ್ದು ಪಾಲಿಕೆಯಲ್ಲ, ಬಿಡಿಎ. ಬಸ್ಸು ಬಿಎಂಟಿಸಿಯದು, ಒಳಚರಂಡಿ ಜಲಮಂಡಳಿಯದು, ಮೆಟ್ರೊ ಬಿಎಂಆರ್‌ಸಿಎಲ್‌ನದು, ಫುಟ್‌ಪಾತ್ ಪಾಲಿಕೆಯದು. ‘ಸರ್ಕಾರ ಸರಿ ಮಾಡಲಿ’ ಎಂದು ಬರೆದ ಅರ್ಜಿ ಇವರಲ್ಲಿ ಯಾರ ಮೇಜಿಗೂ ತಲುಪುವುದಿಲ್ಲ.

ಯಾವಾಗ?

ಮಾಸ್ಟರ್ ಪ್ಲಾನಿನ ಕರಡು ಹೊರಬಿದ್ದಾಗ ಆಕ್ಷೇಪಣೆ, ಸಲಹೆಗೆ ಗಡುವು ಕೊಡುತ್ತಾರೆ. 2031ರ ಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಬಂದಾಗ 60 ದಿನ ಕೊಟ್ಟಿದ್ದರು. ಸಾವಿರಾರು ಆಕ್ಷೇಪಣೆಗಳು ಬಂದವು, ಕೊನೆಗೆ ಆ ಕರಡನ್ನೇ ಕೈಬಿಡಲಾಯಿತು. ಹಾಗಾಗಿ 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆಂದು ಬರೆದ ಯೋಜನೆಯೇ ಆಮೇಲೂ ಮುಂದುವರಿಯಿತು. ಇನ್ನೊಂದು ಸಮಯ ಬಜೆಟ್‌ನದು. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಹಾಗಾಗಿ ಮಾರ್ಚ್‌ನಲ್ಲಿ ಹೋಗಿ ಕೇಳಿದರೆ ತಡವಾಗಿರುತ್ತದೆ. ಜನವರಿಯೊಳಗೆ ಕೊಡಿ.

ಹೇಗೆ?

‘ಫುಟ್‌ಪಾತ್ ಸರಿ ಇಲ್ಲ’ ಅನ್ನೋದು ದೂರು. ‘ಇಂಥ ರಸ್ತೆಯ 3ನೇ ಕ್ರಾಸಿನಿಂದ 5ನೇ ಕ್ರಾಸಿನವರೆಗೆ ನಡೆಯಲು ಉಳಿದಿರೋದು 0.9 ಮೀಟರ್, ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಕನಿಷ್ಠ 1.8 ಮೀಟರ್ ಇರಬೇಕು’ ಅನ್ನೋದು ಯೋಜನೆ. ಒಂದು ಟೇಪು, ನಾಲ್ಕು ಫೋಟೊ, ಒಂದು ಸ್ಕೆಚ್ ಸಾಕು. ಒಂದು ಅರ್ಜಿಯಲ್ಲಿ ಒಂದೇ ಬೇಡಿಕೆ ಇರಲಿ. ಸ್ವೀಕೃತಿ ಪತ್ರ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಅದರ ಮೇಲೆ ಏನು ಕ್ರಮ ಆಯಿತು ಎಂದು ಆರ್‌ಟಿಐ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು.

ಬೀದಿಗಿಳಿದು ಗೆದ್ದದ್ದೂ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡವೆಂದು 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆದರೆ ಏನಾದರೂ ಬೇಡ ಎನ್ನುವುದಕ್ಕಿಂತ ಬೇಕು ಎನ್ನುವುದಕ್ಕೆ ಹೆಚ್ಚು ಕಾಗದ, ಹೆಚ್ಚು ತಾಳ್ಮೆ ಬೇಕು.

ಇಲ್ಲದಿರುವ ಬಾಗಿಲು

ಇಷ್ಟೆಲ್ಲ ಮಾಡಿದರೂ ನಿಮ್ಮ ಪರವಾಗಿ ಸಭೆಯಲ್ಲಿ ಮಾತಾಡುವ ಕಾರ್ಪೊರೇಟರ್ ಬೇಕಲ್ಲ? ಬಿಬಿಎಂಪಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮುಂದಿನ ಚುನಾವಣೆ ಬರುವ ಮೊದಲೇ, 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು 5 ಪಾಲಿಕೆಗಳು ಬಂದವು. ಅಂದರೆ 2015ರ ಆ ಚುನಾವಣೆಯ ನಂತರ 18 ತುಂಬಿದ ಒಂದು ತಲೆಮಾರು, ಬಿಬಿಎಂಪಿ ಇದ್ದಷ್ಟು ದಿನವೂ ತಮ್ಮ ಕಾರ್ಪೊರೇಟರ್ ಯಾರಾಗಬೇಕೆಂದು ಹೇಳುವ ಅವಕಾಶಕ್ಕಾಗಿ ಕಾದೇ ಇತ್ತು.

ಯುವಜನರಿಗೆ ಐಡಿಯಾ ಸ್ಪರ್ಧೆ ಏರ್ಪಡಿಸುವುದು ಸುಲಭ, ಗೆದ್ದವರಿಗೆ ಸರ್ಟಿಫಿಕೇಟ್ ಕೊಟ್ಟರಾಯಿತು. ವಾರ್ಡಿನ ಚುನಾವಣೆಯನ್ನು ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಸುವುದು ಕಷ್ಟದ ಕೆಲಸ. ನನ್ನ ಕೇಳಿದರೆ, ಯುವಜನರ ಪಟ್ಟಿಯ ಮೊದಲ ಐಡಿಯಾ ಅದೇ ಆಗಬೇಕು.