ಪುಟಕ್ಕೊಂದು ಬೀಗ

ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂದು ನಮ್ಮ ಮಕ್ಕಳು ತಿಳಿದಿರುತ್ತಾರೆ. ಮನೆ ನಡೆಸುವ ಹೆಂಗಸಿಗೆ ಮಾತ್ರ ಇತಿಹಾಸದ ಮುಕ್ಕಾಲು ಪಾಲು ಬೇರೆಯೇ ಆಗಿ ಕಾಣುತ್ತದೆ. ಇರುವುದು ಇಷ್ಟು, ಬೇಕೆನ್ನುವವರು ಅಷ್ಟು ಜನ. ಯಾರಿಗೆ ಮೊದಲು, ಯಾರಿಗೆ ಆಮೇಲೆ? ಯಾವುದನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು? ತುಂಗಭದ್ರೆಯ ನೀರಿನ ಕಥೆಯೂ ಇದೇ, ಕೂಡುಕುಟುಂಬದ ಕಥೆಯೂ ಇದೇ. ಕಂಪ್ಯೂಟರಿನ ಹೊಟ್ಟೆಯೊಳಗೂ ಅರವತ್ತು ವರ್ಷಗಳಿಂದ ಇದೇ ಪಂಚಾಯಿತಿ ನಡೆದಿದೆಯೆಂದು ತಿಳಿದಾಗ, ಇತಿಹಾಸ ಪಾಠ ಮಾಡುವ ನನಗೆ ಅದು ಬಹಳ ಹತ್ತಿರದ ವಿಷಯವೆನಿಸಿತು.

ಕಂಪ್ಯೂಟರಿಗೆ ಎರಡು ಬಗೆಯ ನೆನಪುಗಳಿವೆ. ಒಂದು ಅಡುಗೆಕಟ್ಟೆಯಂಥದು: ಕೈಗೆಟುಕುವಷ್ಟು ಹತ್ತಿರ, ಆದರೆ ಜಾಗ ಕಡಿಮೆ. ಇನ್ನೊಂದು ಅಟ್ಟದಂಥದು: ಜಾಗ ಬೇಕಾದಷ್ಟು, ಆದರೆ ಏಣಿ ಹಾಕಿ ಹತ್ತಿ ಇಳಿಯುವಷ್ಟು ನಿಧಾನ. ಕೆಲಸವೆಲ್ಲ ನಡೆಯಬೇಕಾದದ್ದು ಕಟ್ಟೆಯ ಮೇಲೆ. ಮೊದಮೊದಲು ಯಾವ ಡಬ್ಬಿಯನ್ನು ಯಾವಾಗ ಇಳಿಸಬೇಕು, ಯಾವುದನ್ನು ತಿರುಗಿ ಅಟ್ಟಕ್ಕೆ ಏರಿಸಬೇಕು ಎಂಬುದನ್ನೆಲ್ಲ ಪ್ರೋಗ್ರಾಮ್ ಬರೆಯುವವರೇ ಮುಂಚಿತವಾಗಿ ಲೆಕ್ಕ ಹಾಕಿ ಬರೆಯಬೇಕಾಗಿತ್ತು.

ಈ ಹೊರೆಯನ್ನು ಇಳಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಟಾಮ್ ಕಿಲ್ಬರ್ನ್ ಮತ್ತು ಅವರ ಜೊತೆಗಾರರು. ಫೆರಾಂಟಿ ಕಂಪನಿಯೊಡನೆ ಸೇರಿ ಅವರು ಕಟ್ಟಿದ ‘ಅಟ್ಲಾಸ್’ ಯಂತ್ರ 1962ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ನೆನಪನ್ನೆಲ್ಲ ಒಂದೇ ಅಳತೆಯ ತುಂಡುಗಳನ್ನಾಗಿ ಮಾಡಿ ಅವರು ಅದಕ್ಕೆ ‘ಪೇಜ್’, ಅಂದರೆ ಪುಟ, ಎಂದು ಹೆಸರಿಟ್ಟರು. ಬೇಕಾದ ಪುಟ ಕಟ್ಟೆಯ ಮೇಲಿಲ್ಲದಿದ್ದರೆ ಯಂತ್ರವೇ ಕೆಲಸ ನಿಲ್ಲಿಸಿ, ಅಟ್ಟದಿಂದ ಅದನ್ನು ತಂದು, ಬೇಡವಾದ ಇನ್ನೊಂದನ್ನು ಮೇಲೆ ಕಳಿಸುತ್ತಿತ್ತು. ಬರೆಯುವವರಿಗೆ ಇಡೀ ಅಟ್ಟವೇ ಕಟ್ಟೆಯಾದಂತೆ ಭಾಸವಾಗುತ್ತಿತ್ತು. ಅಟ್ಲಾಸಿನ ಕಟ್ಟೆಯ ಮೇಲೆ ಒಮ್ಮೆಗೆ ಹಿಡಿಸುತ್ತಿದ್ದುದು 32 ಪುಟಗಳು ಮಾತ್ರ.

ಒಂದು ಪುಟವೆಂದರೆ ಎಷ್ಟು? ಇಂದಿನ ಬಹಳಷ್ಟು ಕಂಪ್ಯೂಟರುಗಳಲ್ಲಿ 4096 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಈಗ ಬಳಕೆಯಲ್ಲಿರುವ ಯೂನಿಕೋಡ್ ಬರಹದ ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಕಾಗುಣಿತದ ಗುರುತಿಗೂ ಮೂರು ಮೂರು ಬೈಟ್ ಬೇಕು. ‘ತೋರಣಗಲ್ಲು’ ಎಂದು ಬರೆದರೆ 27 ಬೈಟ್. ಒಂದು ಪುಟದಲ್ಲಿ ನಮ್ಮೂರಿನ ಹೆಸರನ್ನು ಸಾಲಾಗಿ 151 ಸಲ ಬರೆಯಬಹುದು. ತಪ್ಪು ಮಾಡಿದ ಹುಡುಗನಿಗೆ ಹಿಂದಿನ ಕಾಲದ ಮೇಷ್ಟರು ಕೊಡುತ್ತಿದ್ದ ಶಿಕ್ಷೆಯಷ್ಟು!

ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ ಎಂದ ಮೇಲೆ ಜನ ಸುಮ್ಮನಿರುತ್ತಾರೆಯೇ? ಒಂದೇ ಯಂತ್ರಕ್ಕೆ ಹತ್ತಾರು ಕೆಲಸ ಹಚ್ಚಿದರು. ಒಬ್ಬರಿಗಾಗಿ ಒಂದು ಪುಟ ಇಳಿಸಿದರೆ ಇನ್ನೊಬ್ಬರದು ಮೇಲೆ ಹೋಗುತ್ತದೆ. ಮರುಕ್ಷಣವೇ ಅವರಿಗೆ ಅದು ಬೇಕು. ಯಂತ್ರ ಹಗಲೆಲ್ಲ ಏಣಿ ಹತ್ತಿ ಇಳಿಯುವುದರಲ್ಲೇ ಕಳೆಯುತ್ತದೆ, ಒಲೆಯ ಮೇಲೆ ಏನೂ ಬೇಯುವುದಿಲ್ಲ. 1968ರಲ್ಲಿ ಅಮೆರಿಕದ ಪೀಟರ್ ಡೆನ್ನಿಂಗ್ ಇದಕ್ಕೆ ಕಾರಣವನ್ನೂ ಪರಿಹಾರವನ್ನೂ ಹೇಳಿದರು. ಒಂದು ಕೆಲಸಕ್ಕೆ ಸದ್ಯ ಯಾವ ಪುಟಗಳು ಬೇಕೋ ಅಷ್ಟನ್ನೂ ಕಟ್ಟೆಯ ಮೇಲೆ ಇಡಿ. ಆಗದಿದ್ದರೆ ಆ ಕೆಲಸವನ್ನೇ ಹೊರಗೆ ಕಾಯಿಸಿ. ಅರೆಬರೆ ಕೊಟ್ಟು ಎಲ್ಲರನ್ನೂ ಕೆಡಿಸಬೇಡಿ. ಈ ಮಾತನ್ನು ನಮ್ಮ ಕಾಲುವೆಯ ಕೊನೆಯ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಹಿಡಿಸುತ್ತಿದ್ದುದು ಸುಮಾರು 133 ಟಿಎಂಸಿ. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ನೋಡಿತು. ಇರುವುದಕ್ಕಿಂತ ಹೆಚ್ಚಿನ ಮಾತು ಕೊಟ್ಟರೆ ಕಾಲುವೆಯ ತುದಿಯಲ್ಲಿರುವವನಿಗೆ ಮೊದಲು ಪೆಟ್ಟು.

ಇನ್ನು ಯುನಿಕ್ಸಿನ ವಿಷಯ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದನ್ನು ಶುರು ಮಾಡಿದರು. ಆರಂಭದ ಯುನಿಕ್ಸಿಗೆ ಪುಟಗಳ ಗೊಡವೆಯೇ ಇರಲಿಲ್ಲ. ಜಾಗ ಸಾಲದಿದ್ದರೆ ಒಂದಿಡೀ ಕೆಲಸವನ್ನೇ ಗಂಟುಮೂಟೆ ಸಮೇತ ಅಟ್ಟಕ್ಕೆ ಕಳಿಸಿಬಿಡುತ್ತಿತ್ತು. 1979ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಓಝಾಲ್ಪ್ ಬಾಬಾವೋಲು ಎಂಬ ತುರ್ಕಿ ದೇಶದ ವಿದ್ಯಾರ್ಥಿ, ಬಿಲ್ ಜಾಯ್ ಜೊತೆ ಸೇರಿ, ಅದಕ್ಕೆ ಪುಟದ ವ್ಯವಸ್ಥೆಯನ್ನು ಸೇರಿಸಿದ. ಅವರ ಬಳಿ ಇದ್ದ ವ್ಯಾಕ್ಸ್ ಯಂತ್ರದಲ್ಲಿ ಒಂದು ಕೊರತೆಯಿತ್ತು: ಯಾವ ಪುಟವನ್ನು ಇತ್ತೀಚೆಗೆ ಮುಟ್ಟಲಾಗಿದೆ ಎಂಬ ಗುರುತನ್ನೇ ಅದು ಇಡುತ್ತಿರಲಿಲ್ಲ. ಗುರುತಿಲ್ಲದಿದ್ದರೆ ಯಾವುದನ್ನು ಮೇಲೆ ಕಳಿಸುವುದು? ಅದಕ್ಕೆ ಅವರು ಮಾಡಿದ ಉಪಾಯ ನನಗೆ ಬಲು ಮೆಚ್ಚುಗೆಯಾಯಿತು. ಪುಟ ಇದ್ದಲ್ಲೇ ಇದ್ದರೂ ‘ಇಲ್ಲ’ ಎಂದು ಸುಳ್ಳು ಗುರುತು ಹಾಕಿದರು. ಯಾರಾದರೂ ಅದನ್ನು ಮುಟ್ಟಲು ಬಂದರೆ ಯಂತ್ರ ತಡೆದು ಕೂಗುತ್ತದೆ. ಆಗ ಇದು ಬಳಕೆಯಲ್ಲಿದೆ ಎಂದು ಗೊತ್ತಾಗುತ್ತದೆ. ಯಾರೂ ಮುಟ್ಟದಿದ್ದರೆ ಅಟ್ಟಕ್ಕೆ ಹೋಗುವ ಸರದಿ ಅದರದೇ. ಪಾತ್ರೆಯ ಮುಚ್ಚಳಕ್ಕೆ ಸಣ್ಣ ನೂಲು ಕಟ್ಟಿಟ್ಟು, ಹದಿನೈದು ದಿನ ಬಿಟ್ಟು ನೂಲು ಹರಿದಿದೆಯೇ ಎಂದು ನೋಡುವ ಅತ್ತೆಯ ಜಾಣತನವಿದು.

ಯಂತ್ರ ಎಷ್ಟೇ ಜಾಣವಾದರೂ ಕೆಲಸ ಮಾಡುವವರಿಗೆ ತಿಳಿದಷ್ಟು ಅದಕ್ಕೆ ತಿಳಿಯುವುದಿಲ್ಲ. ನಾಳೆ ಹಬ್ಬವಿದೆ, ದೊಡ್ಡ ಪಾತ್ರೆ ಬೇಕು ಎಂಬುದು ಅಟ್ಟಕ್ಕೆ ಹೇಗೆ ಗೊತ್ತು? ಹೀಗಾಗಿ, ಕಿತ್ತುಕೊಂಡ ಅಧಿಕಾರದಲ್ಲಿ ಒಂದಿಷ್ಟನ್ನು ತಿರುಗಿ ಪ್ರೋಗ್ರಾಮಿನ ಕೈಗೆ ಕೊಡುವ ಕೆಲಸ ಶುರುವಾಯಿತು. 1983ರ ಬರ್ಕ್ಲಿ ಯುನಿಕ್ಸಿನ ಕೈಪಿಡಿಯಲ್ಲಿ ಇದರ ವಿವರಣೆ ಬಂದರೂ ಆಗ ಅದು ಕಾಗದದ ಮೇಲಷ್ಟೇ ಇತ್ತು. 1988ರಲ್ಲಿ ಸನ್ ಕಂಪನಿಯ ಯುನಿಕ್ಸಿನಲ್ಲಿ ಚೆನ್ನಾಗಿ ಕಾರ್ಯರೂಪಕ್ಕೆ ಬಂತು. ಅಂದಿನಿಂದ ಬಳಕೆಗೆ ಬಂದ ನಾಲ್ಕು ಅಪ್ಪಣೆಗಳನ್ನು ಹೇಳಿಬಿಡುತ್ತೇನೆ. ‘ಎಂಮ್ಯಾಪ್’ ಎಂದರೆ ನನಗೆ ಇಷ್ಟು ಪುಟಗಳ ಜಾಗ ಕೊಡು, ಅಥವಾ ಈ ಕಡತವನ್ನೇ ತಂದು ನನ್ನ ಪುಟಗಳಾಗಿ ಹಾಸು. ‘ಎಂಅಡ್ವೈಸ್’ ಬರೀ ಸಲಹೆ: ಇದು ಬೇಗ ಬೇಕಾಗುತ್ತದೆ, ಅದು ಇನ್ನು ಬೇಡ. ‘ಎಂಪ್ರೊಟೆಕ್ಟ್’ ಎಂದರೆ ಈ ಪುಟವನ್ನು ಓದಬಹುದು, ಬರೆಯಬಾರದು ಎಂಬಂಥ ಕಟ್ಟಳೆ. ಅದನ್ನು ಮೀರಿದ ಪ್ರೋಗ್ರಾಮನ್ನು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಲಾಗುತ್ತದೆ. ‘ಎಂಲಾಕ್’ ಎಂದರೆ ಬೀಗ: ಏನೇ ಇಕ್ಕಟ್ಟಾದರೂ ಈ ಪುಟವನ್ನು ಅಟ್ಟಕ್ಕೆ ಕಳಿಸಬೇಡ.

ಬೀಗ ಏಕೆ ಬೇಕು? ಗುಟ್ಟಿನ ಸಂಕೇತಪದವಿರುವ ಪುಟ ಒಮ್ಮೆ ಡಿಸ್ಕಿಗೆ ಹೋದರೆ, ಕೆಲಸ ಮುಗಿದ ಮೇಲೂ ಅದರ ಅಚ್ಚು ಅಲ್ಲಿ ಉಳಿಯಬಹುದು, ಬೇರೆಯವರ ಕಣ್ಣಿಗೆ ಬೀಳಬಹುದು. ಅದಕ್ಕೇ ಬೀಗ. ಆದರೆ ಎಲ್ಲರೂ ಬೀಗ ಹಾಕಿಕೊಂಡು ಕೂತರೆ ಕಟ್ಟೆಯ ಮೇಲೆ ಯಾರಿಗೂ ಜಾಗ ಉಳಿಯುವುದಿಲ್ಲವಲ್ಲ; ಆದ್ದರಿಂದ ಸಾಮಾನ್ಯ ಬಳಕೆದಾರರು ಇಷ್ಟಕ್ಕೆ ಮಾತ್ರ ಬೀಗ ಹಾಕಬಹುದು ಎಂಬ ಮಿತಿಯೂ ಇದೆ.

ಕಟ್ಟಳೆಯ ಬೆಲೆ ಲೋಕಕ್ಕೆ ತಿಳಿದದ್ದು ಪೆಟ್ಟು ತಿಂದ ಮೇಲೆಯೇ. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ‘ಹುಳು’ ಯುನಿಕ್ಸ್ ಯಂತ್ರಗಳಲ್ಲಿ ಹರಡಿ ಅವನ್ನು ಸ್ತಬ್ಧಗೊಳಿಸಿತು. ಅದು ನುಗ್ಗಿದ ದಾರಿಗಳಲ್ಲಿ ಒಂದು ಹೀಗಿತ್ತು: ಮಾಹಿತಿ ಬರೆಯಲೆಂದು ಇಟ್ಟ ಜಾಗದಲ್ಲಿ ಅಪ್ಪಣೆಗಳನ್ನು ತುಂಬಿ, ಅವನ್ನೇ ಯಂತ್ರ ಪಾಲಿಸುವಂತೆ ಮಾಡುವುದು. ಬರೆಯಬಹುದಾದ ಪುಟದಲ್ಲಿ ಅಪ್ಪಣೆ ನಡೆಯಬಾರದು, ಅಪ್ಪಣೆ ನಡೆಯುವ ಪುಟದಲ್ಲಿ ಬರೆಯಬಾರದು ಎಂಬ ನಿಯಮವನ್ನು 2003ರಲ್ಲಿ ‘ಓಪನ್ ಬಿಎಸ್‌ಡಿ’ ಎಂಬ ಯುನಿಕ್ಸ್ ಜಾರಿಗೆ ತಂದಿತು.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಒಂದು ಪಾಲಿದೆ. ಯುನಿಕ್ಸಿನ ಮಾದರಿಯಲ್ಲೇ ಬೆಳೆದ ಲಿನಕ್ಸನ್ನು ಬಳಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಕಂಪ್ಯೂಟರನ್ನು 2001ರ ಹೊತ್ತಿಗೆ ರೂಪಿಸಿದರು. ಹಳ್ಳಿಯಲ್ಲಿ ಮನೆಗೊಂದು ಕೊಳ್ಳಲಾಗದು, ಊರಿಗೊಂದಿದ್ದರೆ ಸಾಕು. ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್, ಅವರವರ ವಿವರ ಅವರವರ ಕಾರ್ಡಿನಲ್ಲಿ ಎಂಬುದು ಅದರ ಯೋಚನೆ. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ಬಂದರೂ ಎಣಿಸಿದಷ್ಟು ಖರ್ಚಾಗಲಿಲ್ಲ. ಆದರೆ ಯಂತ್ರ ಹಂಚಿಕೊಳ್ಳೋಣ, ಗುಟ್ಟನ್ನು ಹಂಚಿಕೊಳ್ಳುವುದು ಬೇಡ ಎಂಬ ಆ ಯೋಚನೆ ಸೋತಿತೆಂದು ನಾನು ಹೇಳಲಾರೆ.

ಏಕೆಂದರೆ ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಇರುವುದು ಅದೇ ಲಿನಕ್ಸ್. ಬ್ಯಾಂಕಿನ ಆ್ಯಪಿನ ಪುಟಗಳನ್ನು ಆಟದ ಆ್ಯಪ್ ಇಣುಕಿ ನೋಡಲಾರದಂತೆ ಅದು ಗೋಡೆ ಕಟ್ಟುತ್ತದೆ. ಜಾಗ ಸಾಲದೆ ಹೋದರೆ ಸದ್ಯಕ್ಕೆ ಬೇಡದ ಆ್ಯಪನ್ನು ಹೇಳದೆ ಕೇಳದೆ ಮುಚ್ಚುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅದಕ್ಕೂ ಗೊತ್ತು.

ಆದರೆ ಆ ಗೋಡೆ ಫೋನಿನ ಒಳಗೆ ಮಾತ್ರ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದು ಮನೆಯ ಯಜಮಾನಿಯ ಹೆಸರಿನ ಖಾತೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಎಂದಾಯಿತು. ನನಗೆ ಗೊತ್ತಿರುವ ಒಬ್ಬಾಕೆ, “ಅಕ್ಕಾರೆ, ದುಡ್ಡು ಬಂದೈತಂತ ನನ್ನ ಮಗನ್ನ ಕೇಳಿದ್ರ ತಿಳೀತೈತ್ರಿ” ಎಂದಳು. ಖಾತೆ ಅವಳದು, ಪಿನ್ ಮಗನದು. ಸಾವಿರಾರು ಜನ ಜಾಣರು ಅರವತ್ತು ವರ್ಷ ತಲೆ ಕೆಡಿಸಿಕೊಂಡು ಪುಟಪುಟಕ್ಕೂ ಬೀಗ ಮಾಡಿದ್ದು, ಮನೆಯ ಹೊಸ್ತಿಲಲ್ಲಿ ಹೀಗೆ ವ್ಯರ್ಥವಾಗುತ್ತದೆ. ಮಗ ಕೆಟ್ಟವನೆಂದಲ್ಲ, ಅಮ್ಮನಿಗೂ ಒಂದು ಸ್ವಂತ ಪುಟವಿರಬೇಕೆಂದು ಅವನಿಗೆ ಯಾರೂ ಕಲಿಸಿಲ್ಲ, ಅಷ್ಟೆ.

ಮರುವಾರ ನಾನು ಆಕೆಯ ಪಕ್ಕ ಕುಳಿತು ಪಿನ್ ಬದಲಿಸುವುದನ್ನು ಹೇಳಿಕೊಟ್ಟೆ. ಹೊಸ ಅಂಕಿಗಳನ್ನು ಒತ್ತುವಾಗ ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡೆ. “ನೀವು ನೋಡಿದ್ರೂ ಏನಾಗ್ತೈತ್ರಿ ಟೀಚರಮ್ಮಾ?” ಎಂದು ನಕ್ಕಳು. ನಾನು ತಿರುಗಲಿಲ್ಲ. ಬೀಗದ ಪಾಠದಲ್ಲಿ ಮೊದಲನೆಯದು ಅದೇ.