ನಿಂತ ಆನೆ, ಕುಣಿವ ಗೊಂಬೆ, ತಿರುಗುವ ಚಿತ್ರ

ಹಾಸನದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಅರಕಲಗೂಡಿಗೋ ಹೊಳೆನರಸೀಪುರಕ್ಕೋ ಹೋಗುವವರು ಬಸ್ಸಿಗೆ ಕಾದು ನಿಂತಿರುತ್ತಾರೆ. ಅವರ ಕೈಯಲ್ಲಿನ ಮೊಬೈಲಿನೊಳಗೆ ಒಂದು ಪುಟ್ಟ ದೀಪ ಉರಿಯುತ್ತದೆ. ಜ್ವಾಲೆ ಎಡಕ್ಕೆ ಬಾಗಿ ಬಲಕ್ಕೆ ಹೊರಳುತ್ತದೆ, ಮತ್ತೆ ಎಡಕ್ಕೆ ಬಾಗುತ್ತದೆ. ಕೆಳಗೆ 'ಶುಭೋದಯ' ಎಂಬ ಅಕ್ಷರ. ನೋಡಿದವರು ಅದನ್ನು ನಂಟರಿಷ್ಟರಿಗೆ ದಾಟಿಸುತ್ತಾರೆ. ಆ ದೀಪವನ್ನು ಬರೆದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ.

ನಿಂತ ಚಿತ್ರವನ್ನು ನಡೆಸಬೇಕೆಂಬ ಆಸೆ ಈ ಸೀಮೆಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯನ್ನು ನೋಡಬೇಕು. ಬುಡದ ಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಇನ್ನೂ ಮೇಲೆ ಪುರಾಣದ ಕಥೆಗಳು. ಇಲ್ಲಿ ಕಲ್ಲು ಅಲುಗುವುದಿಲ್ಲ. ಪ್ರದಕ್ಷಿಣೆ ಬರುವ ಭಕ್ತನ ಕಾಲು ಅಲುಗುತ್ತದೆ. ಅವನು ನಡೆದಂತೆ ಆನೆಗಳೂ ನಡೆದಂತೆ ತೋರುತ್ತವೆ, ಒಂದಾದ ಮೇಲೊಂದು ಪ್ರಸಂಗ ಕಣ್ಣ ಮುಂದೆ ಬರುತ್ತದೆ. ಚಿತ್ರ ನಿಂತಿದೆ, ನೋಡುವವನು ನಡೆಯುತ್ತಾನೆ.

ಗುಡಿಯ ಶಿಲ್ಪಿಗಳ ಹೆಸರು ಉಳಿದಿದೆ ಎಂಬುದು ಗಮನಿಸತಕ್ಕ ಸಂಗತಿ. ದಕ್ಷಿಣದ ಕಡೆಯ ವಿಗ್ರಹಗಳಲ್ಲಿ ಬೈಚೋಜ, ಉತ್ತರದ ಕಡೆಯವುಗಳಲ್ಲಿ ಮಲ್ಲಿತಮ್ಮ ಕೆಲಸ ಮಾಡಿದ್ದಾರೆ. ಮಲ್ಲಿತಮ್ಮನ ಹೆಸರು ಸೋಮನಾಥಪುರದ ವಿಗ್ರಹಗಳ ಅಡಿಯಲ್ಲೂ ಇದೆ. ಏಳು ನೂರು ವರ್ಷಗಳಿಗೂ ಹಿಂದಿನ ಈ ಕುಶಲಕರ್ಮಿಗಳು 'ಇದು ನನ್ನ ಕೈಕೆಲಸ' ಎಂದು ಕಲ್ಲಿನಲ್ಲೇ ಬರೆದಿಟ್ಟು ಹೋದರು.

ಎರಡನೆಯ ಹೆಜ್ಜೆಯಲ್ಲಿ ನೋಡುವವನು ಕುಳಿತ, ಚಿತ್ರ ಎದ್ದು ಕುಣಿಯಿತು. ಅದೇ ತೊಗಲು ಗೊಂಬೆಯಾಟ. ಕಿಳ್ಳೇಕ್ಯಾತರು ಅಥವಾ ಸಿಳ್ಳೇಕ್ಯಾತರು ಎಂದು ಕರೆಸಿಕೊಳ್ಳುವ ಕುಟುಂಬಗಳು ಈ ಕಲೆಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ. ಇವರ ಮನೆಮಾತು ಮರಾಠಿಗೆ ಹತ್ತಿರದ್ದು, ಆಟದ ಮಾತು ಕನ್ನಡ. ಆಟವಿಲ್ಲದ ದಿನಗಳಲ್ಲಿ ಹೊಳೆ ಕೆರೆಗಳಲ್ಲಿ ಮೀನು ಹಿಡಿಯುವುದು ಇವರ ಇನ್ನೊಂದು ಕಸುಬು. ಮಳೆ ಹೋದಾಗ, ದನಗಳಿಗೆ ರೋಗ ಬಂದಾಗ ಊರಿನವರೇ ಹೇಳಿ ಕಳಿಸಿ ಆಟ ಆಡಿಸುತ್ತಿದ್ದುದುಂಟು. ಗೊಂಬೆ ಕುಣಿದರೆ ಮೋಡ ಕರಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು.

ಹದಮಾಡಿದ ಆಡಿನ ಚರ್ಮ ಬೆಳಕು ಹಾಯುವಷ್ಟು ತೆಳುವಾಗಿರುತ್ತದೆ. ಅದರ ಮೇಲೆ ರೂಪ ಬರೆದು, ಬಣ್ಣ ಹಚ್ಚಿ, ಒಡವೆಯ ಕುಸುರಿಗೆ ಸಣ್ಣ ಸಣ್ಣ ರಂಧ್ರ ಕೊರೆಯುತ್ತಾರೆ. ದಕ್ಷಿಣ ಕರ್ನಾಟಕದ ದೊಡ್ಡ ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಇಡೀ ಸನ್ನಿವೇಶವೇ ಮೂಡಿರುವುದುಂಟು. ಚಿಕ್ಕ ಗೊಂಬೆಗಳಿಗೆ ಕೈಕಾಲುಗಳನ್ನು ಬೇರೆ ಮಾಡಿ ದಾರದಿಂದ ಪೋಣಿಸಿರುತ್ತಾರೆ. ಬಿಳಿ ಪರದೆಯ ಹಿಂದೆ ಎಣ್ಣೆದೀಪ. ದೀಪಕ್ಕೂ ಪರದೆಗೂ ನಡುವೆ ಗೊಂಬೆ. ದೇಹ ಇದ್ದಲ್ಲೇ ಇದ್ದು ತೋಳು ಮಾತ್ರ ಆಡಿದರೂ ರಾವಣ ಗರ್ಜಿಸಿದಂತೆ ಕಾಣುತ್ತದೆ. ದೀಪದ ಕುಡಿ ಅಲುಗಿದರೆ ನಿಂತ ಗೊಂಬೆಯೂ ಉಸಿರಾಡುತ್ತದೆ. ವಿದ್ಯುತ್ ಬಲ್ಬು ಬಂದ ಮೇಲೆ ಬೆಳಕು ಹೆಚ್ಚಿತು, ಈ ಉಸಿರು ಕಡಿಮೆಯಾಯಿತು.

ಮೂರನೆಯ ಹೆಜ್ಜೆ ಯಂತ್ರದ್ದು. ಬೇರೆ ಬೇರೆ ಭಂಗಿಯ ಚಿತ್ರಗಳನ್ನು ಬೇಗ ಬೇಗನೆ ತೋರಿಸಿದರೆ ಮಿದುಳು ಅವನ್ನು ಬಿಡಿಯಾಗಿ ಕಾಣದೆ ಒಂದೇ ಚಲನೆಯಾಗಿ ಗ್ರಹಿಸುತ್ತದೆ. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಒಂದು ಬಿಲ್ಲೆಯ ಅಂಚಿನಲ್ಲಿ ಚಿತ್ರಗಳನ್ನು ಬರೆದು ತಿರುಗಿಸಿ ಇದನ್ನು ತೋರಿಸಿದ. ಸಿನಿಮಾ ಇದೇ ತತ್ತ್ವದ ಮೇಲೆ ಸೆಕೆಂಡಿಗೆ 24 ಚಿತ್ರಗಳನ್ನು ಓಡಿಸಿತು. ಆದರೆ ಪ್ಲಾಟೋನ ಬಿಲ್ಲೆಯ ಗುಣವೊಂದು ಸಿನಿಮಾಕ್ಕಿಲ್ಲ: ಬಿಲ್ಲೆಯ ಚಿತ್ರಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಇಂದಿನ ಮೊಬೈಲಿನ ದೀಪ ಅದರ ವಂಶದ್ದು.

'ಜಿಫ್' ಎಂಬ ಚಿತ್ರ ವಿನ್ಯಾಸವನ್ನು 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಸಂಸ್ಥೆಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಸಂಗಡಿಗರು ರೂಪಿಸಿದರು. ಟೆಲಿಫೋನ್ ತಂತಿಯ ಮೂಲಕ ತೆವಳುತ್ತಿದ್ದ ಅಂದಿನ ಸಂಪರ್ಕಕ್ಕೆ ಚಿತ್ರ ಹಗುರವಾಗಬೇಕಿತ್ತು. ಅದಕ್ಕಾಗಿ ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣಗಳ ಮಿತಿ ಹಾಕಿದರು. ಮತ್ತೆ ಮತ್ತೆ ಬರುವ ವಿನ್ಯಾಸಗಳಿಗೆ ಚಿಕ್ಕ ಸಂಕೇತ ಕೊಟ್ಟರು. 1989ರ ಪರಿಷ್ಕರಣೆಯಲ್ಲಿ ಪ್ರತಿ ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂದು ಸೆಕೆಂಡಿನ ನೂರರಲ್ಲೊಂದು ಪಾಲಿನ ಲೆಕ್ಕದಲ್ಲಿ ಹೇಳುವ ಸೌಲಭ್ಯ ಬಂತು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ಚಿತ್ರಮಾಲೆ ಮುಗಿದೊಡನೆ ಮೊದಲಿಗೆ ಮರಳುವಂತೆ ಮಾಡಿತು. ಇಡೀ ಚಿತ್ರವನ್ನು ಪ್ರತಿ ಸಲ ಬರೆಯಬೇಕಾಗಿಯೂ ಇಲ್ಲ. ಬದಲಾದ ಭಾಗವನ್ನಷ್ಟೇ ಕೊಟ್ಟರೆ ಸಾಕು. ದೇಹ ಇದ್ದಲ್ಲೇ ಇಟ್ಟು ತೋಳನ್ನಷ್ಟೇ ಆಡಿಸುವ ಗೊಂಬೆಯವರ ಉಪಾಯವೂ ಇಂಥದ್ದೇ.

ಇಲ್ಲೂ ಒಡೆತನದ ಜಗಳ ಬಂತು. ಚಿತ್ರವನ್ನು ಹಗುರಗೊಳಿಸುವ ಆ ಸೂತ್ರದ ಪೇಟೆಂಟ್ ಯುನಿಸಿಸ್ ಸಂಸ್ಥೆಯ ಕೈಯಲ್ಲಿತ್ತು. ಜಿಫ್ ಬಳಸುವ ತಂತ್ರಾಂಶಗಳಿಗೆ ಪರವಾನಗಿ ಬೇಕೆಂದು 1994ರ ಕೊನೆಯಲ್ಲಿ ಪ್ರಕಟಣೆ ಹೊರಟಾಗ ತಂತ್ರಾಂಶ ಬರೆಯುವವರು ಸಿಟ್ಟಿಗೆದ್ದು 'ಪಿಎನ್‌ಜಿ' ಎಂಬ ಬೇರೆ ವಿನ್ಯಾಸವನ್ನೇ ಕಟ್ಟಿದರು. ಅಮೆರಿಕದಲ್ಲಿ ಪೇಟೆಂಟಿನ ಅವಧಿ ಮುಗಿದದ್ದು 2003ರಲ್ಲಿ. ಇಂದು ಜಿಫ್ ಎಂದು ಹರಿದಾಡುವ ಎಷ್ಟೋ ಚಿತ್ರಗಳು ಒಳಗೆ ಪುಟ್ಟ ವಿಡಿಯೊಗಳಾಗಿವೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ವಿಲ್‌ಹೈಟ್ 2022ರಲ್ಲಿ ತೀರಿಕೊಂಡರು.

ಸೂತ್ರಕ್ಕೆ ಒಡೆಯರಿದ್ದರು, ವಿನ್ಯಾಸಕ್ಕೆ ಕರ್ತೃವಿದ್ದರು. ಆದರೆ ಆ ಬೆಳಗಿನ ದೀಪವನ್ನು ಬರೆದವರಿಗೆ ಹೆಸರಿಲ್ಲ. ತೊಗಲು ಗೊಂಬೆಗಳ ಕಥೆಯೂ ಹೆಚ್ಚು ಬೇರೆಯಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾವ್ ಅವರ ಆಸ್ಥೆಯಿಂದ ಹಳೆಯ ಗೊಂಬೆಗಳು ಸಂಗ್ರಹವಾದವು. ಇಲ್ಲದಿದ್ದರೆ ಅವೂ ಹುಳುವಿಗೋ ಪರದೇಶದ ಕೊಳ್ಳುಗರಿಗೋ ಸೇರುತ್ತಿದ್ದವು. ಆದರೂ ಗೊಂಬೆ ಉಳಿದಷ್ಟು ಸುಲಭವಾಗಿ ಅದನ್ನು ಕೊರೆದವರ ಹೆಸರು ಉಳಿಯುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಮೊಬೈಲಿನ ದೀಪ ಯಾರೂ ಇಲ್ಲದಿದ್ದರೂ ಸಾವಿರ ಸಲ ಒಂದೇ ರೀತಿ ಬಾಗುತ್ತದೆ. ಗೊಂಬೆ ಹಾಗಲ್ಲ. ಮುಂದಿನ ಸಾಲಿನ ಮಕ್ಕಳು ತೂಕಡಿಸಿದ್ದನ್ನು ಕಂಡ ಆಟಗಾರ ನಡುವೆ ಹಾಸ್ಯದ ಕಿಳ್ಳೇಕ್ಯಾತನನ್ನು ನುಗ್ಗಿಸಬಲ್ಲ, ಊರ ಗೌಡನನ್ನೇ ಛೇಡಿಸಬಲ್ಲ. ಗಾಜಿನ ಪೆಟ್ಟಿಗೆಯೊಳಗೆ ಉಳಿಸಬಹುದಾದದ್ದು ತೊಗಲನ್ನು ಮಾತ್ರ. ಹಿಂದಿನ ಕೈ ಉಳಿಯಬೇಕಾದರೆ ಊರು ಇನ್ನೊಮ್ಮೆ ಹೇಳಿ ಕಳಿಸಬೇಕು, ಪರದೆಯ ಮುಂದೆ ಬಂದು ಕೂರಬೇಕು.